ಸೃಷ್ಟಿ, ವಿಕಾಸ, ಏಲಿಯನ್: ದೇವರನ್ನು ನಂಬುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದೇವರನ್ನು ನಂಬುತ್ತೇನೆ. ಜೀವವಿಕಾಸ ನಡೆದಿದೆ ಅನ್ನುವುದನ್ನೂ ಒಪ್ಪುತ್ತೇನೆ. ಈ ಎರಡು ಮಾತು ಒಟ್ಟಿಗೆ ಬಾಯಿಂದ ಬಂದರೆ ಸಾಕು, ಎರಡೂ ಕಡೆಯವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಒಬ್ಬರಿಗೆ ನನ್ನ ಭಕ್ತಿ ಸಾಲದು, ಇನ್ನೊಬ್ಬರಿಗೆ ನನ್ನ ವಿಜ್ಞಾನ ಸಾಲದು. ಬೇರೆಯವರು ನನ್ನನ್ನು ಕೇಳಿದ, ಎಷ್ಟೋ ಸಲ ನಾನೇ ಕೇಳಿಕೊಂಡ ಪ್ರಶ್ನೆಗಳು ಇವು. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ನಾಲ್ಕೇ ಸಾಲು.

ದೇವರನ್ನೂ ನಂಬಿ ವಿಕಾಸವನ್ನೂ ಒಪ್ಪುವುದು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಲ್ವಾ?

ಇದನ್ನು ಡಾರ್ವಿನ್‌ಗೇ ಕೇಳಿದ್ದರು. ದೇವರಲ್ಲಿ ಗಾಢ ನಂಬಿಕೆ ಇಟ್ಟವನು ವಿಕಾಸವನ್ನೂ ಒಪ್ಪಬಹುದು, ಅದರಲ್ಲಿ ಅನುಮಾನ ಪಡುವುದೇ ಅರ್ಥವಿಲ್ಲದ್ದು ಎಂಬ ಅರ್ಥದಲ್ಲಿ 1879ರ ಪತ್ರವೊಂದರಲ್ಲಿ ಅವರು ಉತ್ತರ ಬರೆದರು. ಅದೇ ಪತ್ರದಲ್ಲಿ, ತನ್ನನ್ನು ಅಜ್ಞೇಯವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಅನ್ನುವವನು) ಅಂತ ಕರೆದರೆ ಹೆಚ್ಚು ಸರಿಹೋಗುತ್ತದೆ ಅಂತಲೂ ಹೇಳಿಕೊಂಡರು. ಅಂದರೆ ನಂಬಿಕೆ ಸಡಿಲವಾಗಿದ್ದ ಮನುಷ್ಯ, ನಂಬುವವರಿಗೆ ಬಾಗಿಲು ಮುಚ್ಚಲಿಲ್ಲ.

ಅವರ ಎದುರಿಗೇ ಉದಾಹರಣೆ ಇತ್ತು. ಡಾರ್ವಿನ್ ಪರವಾಗಿ ಅಮೆರಿಕದಲ್ಲಿ ಗಟ್ಟಿಯಾಗಿ ವಾದಿಸಿದ ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತರು. ಮುಂದೆ 20ನೇ ಶತಮಾನದಲ್ಲಿ ವಿಕಾಸವನ್ನೂ ತಳಿವಿಜ್ಞಾನವನ್ನೂ ಬೆಸೆದವರಲ್ಲಿ ಒಬ್ಬರಾದ ಥಿಯೋಡೋಸಿಯಸ್ ಡೊಬ್ಜಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರು. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಅಂತ 1973ರಲ್ಲಿ ಬರೆದವರೂ ಅವರೇ, ತಾನು ಸೃಷ್ಟಿಯನ್ನು ನಂಬುವವನೂ ಹೌದು, ವಿಕಾಸವಾದಿಯೂ ಹೌದು ಅಂತ ಅದೇ ಲೇಖನದಲ್ಲಿ ಹೇಳಿದವರೂ ಅವರೇ. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಕೂಡ ದೇವರನ್ನು ನಂಬುವವರೇ.

ಇವರೆಲ್ಲ ನಂಬಿದ್ದರು ಅನ್ನುವುದು ನಂಬಿಕೆ ಸರಿ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಹುದು ಅನ್ನುವುದಕ್ಕೆ ಮಾತ್ರ ಸಾಕ್ಷಿ.

ವಿಕಾಸದ ಜೊತೆ ಏಲಿಯನ್‌ಗಳನ್ನು ಯಾಕೆ ಎಳೆದು ತರುತ್ತೀರಿ?

ನನ್ನ ಕಣ್ಣಿಗೆ ಎರಡೂ ಒಂದೇ ಪ್ರಶ್ನೆ. ವಿಕಾಸ ಕೇಳುತ್ತದೆ: ಈ ಭೂಮಿಯ ಮೇಲಿನ ಉಳಿದ ಜೀವಿಗಳ ನಡುವೆ ನೀನು ಅಷ್ಟು ವಿಶೇಷನಾ? ಏಲಿಯನ್ ಕೇಳುತ್ತದೆ: ಈ ಬ್ರಹ್ಮಾಂಡದಲ್ಲಿ ನೀನು ಅಷ್ಟು ವಿಶೇಷನಾ? ಎರಡೂ ಚುಚ್ಚುವುದು ಒಂದೇ ಜಾಗಕ್ಕೆ. ಮೊದಲನೆಯದರ ಜೊತೆ ರಾಜಿಯಾದವರಿಗೆ ಎರಡನೆಯದು ಅಷ್ಟೇನೂ ನೋಯುವುದಿಲ್ಲ. ಈ ಪುಟದಲ್ಲಿ ನಾನು ಹೇಳಬೇಕಿರುವುದು ಹೆಚ್ಚುಕಡಿಮೆ ಇಷ್ಟೇ.

ವಿಕಾಸ ಬರೀ "ಥಿಯರಿ" ತಾನೇ? ಯಾರಾದರೂ ಕಣ್ಣಾರೆ ನೋಡಿದ್ದಾರಾ?

ನೋಡಿದ್ದಾರೆ. 1988ರಲ್ಲಿ ರಿಚರ್ಡ್ ಲೆನ್ಸ್ಕಿ ಎಂಬ ವಿಜ್ಞಾನಿ ಇ-ಕೊಲೈ ಬ್ಯಾಕ್ಟೀರಿಯಾವನ್ನು ಹನ್ನೆರಡು ಫ್ಲಾಸ್ಕ್‌ಗಳಲ್ಲಿ ಬೆಳೆಸಲು ಶುರು ಮಾಡಿದರು. ದಿನಾ ಪ್ರತಿ ಫ್ಲಾಸ್ಕ್‌ನಿಂದ ಒಂದಿಷ್ಟು ತೆಗೆದು ಹೊಸ ಫ್ಲಾಸ್ಕ್‌ಗೆ ಹಾಕುವುದು. ಅಷ್ಟೇ ಕೆಲಸ, ವರ್ಷಗಟ್ಟಲೆ. ಆ ದ್ರಾವಣದಲ್ಲಿ ಸಿಟ್ರೇಟ್ ಎಂಬ ರಾಸಾಯನಿಕ ಇತ್ತು. ಆಮ್ಲಜನಕ ಇರುವಾಗ ಇ-ಕೊಲೈ ಅದನ್ನು ತಿನ್ನಲಾರದು. 31,000 ತಲೆಮಾರು ದಾಟಿದ ಮೇಲೆ ಹನ್ನೆರಡರಲ್ಲಿ ಒಂದು ಫ್ಲಾಸ್ಕ್‌ನ ಬ್ಯಾಕ್ಟೀರಿಯಾ ಅದನ್ನು ತಿನ್ನಲು ಕಲಿತಿತ್ತು! ಹಳೆಯ ತಲೆಮಾರುಗಳನ್ನೆಲ್ಲ ಫ್ರೀಜರ್‌ನಲ್ಲಿ ಇಟ್ಟಿದ್ದರಿಂದ, ಯಾವ ಬದಲಾವಣೆ ಯಾವಾಗ ಆಯಿತು ಅಂತ ಹಿಂದೆ ಹೋಗಿ ಹುಡುಕಲೂ ಆಯಿತು.

"ಥಿಯರಿ" ಪದದ ಬಗ್ಗೆ ಹೇಳಬೇಕೆಂದರೆ, ರೋಗಾಣುಗಳಿಂದ ಕಾಯಿಲೆ ಬರುತ್ತದೆ ಅನ್ನುವುದೂ ಥಿಯರಿಯೇ. ಕೈ ತೊಳೆಯುವುದನ್ನು ಯಾರೂ ಬಿಟ್ಟಿಲ್ಲ.

ಹಾಗಾದರೆ ನಾವು ಕೋತಿಯಿಂದ ಬಂದವರಾ?

ಈಗಿರುವ ಯಾವ ಕೋತಿಯಿಂದಲೂ ಅಲ್ಲ. ನಮಗೂ ಚಿಂಪಾಂಜಿಗೂ ಒಬ್ಬ ಮುತ್ತಾತ ಇದ್ದ, ಅಷ್ಟೇ. ನಾವಿಬ್ಬರೂ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಹಾಗೆ.

ನನ್ನನ್ನು ಒಪ್ಪಿಸಿದ ಸಾಕ್ಷಿ ಒಂದಿದೆ. ಮನುಷ್ಯನಲ್ಲಿ 23 ಜೋಡಿ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 24. ಒಂದೇ ವಂಶ ಆಗಿದ್ದರೆ ನಮ್ಮದೊಂದು ಜೋಡಿ ಎಲ್ಲಿ ಹೋಯಿತು? ಸುಮ್ನೆ ಕಳೆದುಹೋಗುವ ಹಾಗಿಲ್ಲ, ಅಷ್ಟು ಜೀನ್ ಕಳೆದುಕೊಂಡ ಪ್ರಾಣಿ ಬದುಕುವುದಿಲ್ಲ. ಎರಡು ಕ್ರೋಮೋಸೋಮ್ ಅಂಟಿಕೊಂಡು ಒಂದಾಗಿರಬೇಕು. ಹಾಗೇನಾದರೂ ಆಗಿದ್ದರೆ ಗುರುತು ಉಳಿದಿರಬೇಕು.

ಪ್ರತಿ ಕ್ರೋಮೋಸೋಮ್‌ನ ತುದಿಯಲ್ಲಿ ಡಿಎನ್‌ಎಯ ಒಂದೇ ಆರಕ್ಷರದ ಸಾಲು ಮತ್ತೆ ಮತ್ತೆ ಬರುತ್ತದೆ: ಟಿ-ಟಿ-ಎ-ಜಿ-ಜಿ-ಜಿ. ಶೂ ಲೇಸಿನ ತುದಿಗೆ ಹಾಕಿರುವ ಪ್ಲಾಸ್ಟಿಕ್ ಇದ್ದ ಹಾಗೆ. ಅದು ಇರಬೇಕಾದ್ದು ತುದಿಯಲ್ಲಿ. ಆದರೆ ನಮ್ಮ ಎರಡನೇ ಕ್ರೋಮೋಸೋಮ್‌ನಲ್ಲಿ ಒಳಗಡೆಯೂ ಅದರ ಅವಶೇಷ ಇದೆ. ಅದೂ ಒಂದಕ್ಕೊಂದು ಎದುರುಬದುರಾಗಿ, ಎರಡು ಲೇಸುಗಳ ತುದಿ ತಂದು ಜೋಡಿಸಿದ ಹಾಗೆ. ನಡುವೆ ಇರಬೇಕಾದ ಸೆಂಟ್ರೋಮಿಯರ್ ಎಂಬ ಗಂಟೂ ಅಷ್ಟೆ: ಕೆಲಸ ಮಾಡುವುದು ಒಂದು, ಕೆಲಸ ನಿಲ್ಲಿಸಿದ ಹಳೆಯದು ಇನ್ನೊಂದು. ಹುಡುಕಿದ ಜಾಗದಲ್ಲೇ ಸಿಕ್ಕಿತು ಅನ್ನುವುದು ನನಗೆ ಇಲ್ಲಿ ಮುಖ್ಯ.

ದೇವರೇ ಒಂದು ಒಳ್ಳೆಯ ಡಿಸೈನನ್ನು ಎಲ್ಲ ಪ್ರಾಣಿಗಳಿಗೂ ಬಳಸಿರಬಹುದಲ್ವಾ?

ಒಳ್ಳೆಯ ಡಿಸೈನ್ ಮಾತ್ರ ಹಂಚಿಕೆಯಾಗಿದ್ದರೆ ಈ ಮಾತನ್ನು ಒಪ್ಪಬಹುದಿತ್ತು. ಕೆಟ್ಟು ನಿಂತಿರುವುದೂ ಹಂಚಿಕೆಯಾಗಿದೆ. ಬಹಳಷ್ಟು ಸಸ್ತನಿಗಳು ವಿಟಮಿನ್ ಸಿ ಅನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ. ಅದಕ್ಕೆ ಬೇಕಾದ ಜೀನ್ ನಮ್ಮಲ್ಲಿ ಇದೆ, ಆದರೆ ಕೆಟ್ಟುಹೋಗಿದೆ. ಚಿಂಪಾಂಜಿಯಲ್ಲೂ ಅದೇ ಜೀನ್ ಕೆಟ್ಟಿದೆ. ಗಿನಿಪಿಗ್‌ನಲ್ಲೂ ಕೆಟ್ಟಿದೆ, ಆದರೆ ಅಲ್ಲಿ ಕೆಟ್ಟಿರುವ ರೀತಿಯೇ ಬೇರೆ. ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಸರಿ ಉತ್ತರ ಒಂದೇ ಇದ್ದರೆ ಏನೂ ಹೇಳಲಾಗದು. ಒಂದೇ ಕಾಗುಣಿತದ ತಪ್ಪು ಒಂದೇ ಸಾಲಿನಲ್ಲಿದ್ದರೆ ಮೇಷ್ಟ್ರಿಗೆ ಎಲ್ಲ ಗೊತ್ತಾಗುತ್ತದೆ.

ಇನ್ನು ಜಿರಾಫೆ. ಮೆದುಳಿನಿಂದ ಗಂಟಲಿಗೆ ಹೋಗಬೇಕಾದ ಒಂದು ನರ, ಕತ್ತಿನುದ್ದಕ್ಕೂ ಇಳಿದು, ಹೃದಯದ ಹತ್ತಿರದ ರಕ್ತನಾಳವನ್ನು ಸುತ್ತಿ, ಮತ್ತೆ ಕತ್ತು ಹತ್ತಿ ಗಂಟಲಿಗೆ ಬರುತ್ತದೆ. ಸೆಂಟಿಮೀಟರ್‌ಗಳಲ್ಲಿ ಮುಗಿಯಬೇಕಾದ ದಾರಿಗೆ ಮೀಟರ್‌ಗಟ್ಟಲೆ ಸುತ್ತು. ಕತ್ತೇ ಇಲ್ಲದ ಮೀನಿನಲ್ಲಿ ಈ ನರದ ದಾರಿ ನೇರವಾಗಿತ್ತು. ಕತ್ತು ಉದ್ದವಾಗುತ್ತಾ ಹೋದಂತೆ ಅದೂ ಹಿಗ್ಗುತ್ತಾ ಹೋಯಿತು. ಇದನ್ನು ದೇವರು ಕೂತು ಗೆರೆ ಎಳೆದು ಮಾಡಿದ ನಕ್ಷೆ ಅನ್ನುವುದು ದೇವರಿಗೇ ಮರ್ಯಾದೆ ಅಲ್ಲ ಅಂತ ನನಗನಿಸುತ್ತದೆ.

ಧರ್ಮಗ್ರಂಥದಲ್ಲಿ ಆರು ದಿನದ ಸೃಷ್ಟಿ ಅಂತ ಸ್ಪಷ್ಟವಾಗಿ ಇದೆಯಲ್ಲ?

ಬೈಬಲ್‌ನ ಆದಿಕಾಂಡದಲ್ಲಿ ಸೂರ್ಯ ಬರುವುದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ "ಬೆಳಗು, ಸಂಜೆ" ಹೇಗಾಯಿತು? ಇದನ್ನು ಕೇಳಲು ಡಾರ್ವಿನ್ ಬರಬೇಕಿರಲಿಲ್ಲ. ಸಂತ ಆಗಸ್ಟೀನ್ ಸುಮಾರು 1,600 ವರ್ಷ ಹಿಂದೆಯೇ ಈ ದಿನಗಳು ನಮ್ಮ ದಿನಗಳಂಥವಲ್ಲ ಅಂತ ವಾದಿಸಿದರು. ದೇವರು ಎಲ್ಲವನ್ನೂ ಬೀಜರೂಪದಲ್ಲಿ ಇಟ್ಟ, ಅವು ಕಾಲಕ್ಕೆ ತಕ್ಕಂತೆ ಬಿಚ್ಚಿಕೊಂಡವು ಅನ್ನುವುದು ಅವರ ಆಲೋಚನೆ. ಅವರು ವಿಕಾಸವಾದಿ ಆಗಿರಲಿಲ್ಲ, ಹಾಗಂತ ಎಳೆದುಕೊಳ್ಳುವುದು ಮೋಸ. ಆದರೆ ನಕ್ಷತ್ರ, ಭೂಮಿಗಳ ಬಗ್ಗೆ ಚೆನ್ನಾಗಿ ತಿಳಿದವರ ಮುಂದೆ ಗ್ರಂಥದ ಹೆಸರಲ್ಲಿ ಅಸಂಬದ್ಧ ಮಾತಾಡಿ ನಗೆಪಾಟಲಾಗಬೇಡಿ ಎಂಬ ಅವರ ಎಚ್ಚರಿಕೆ ಇವತ್ತಿಗೂ ಬೇಕು.

ಯಹೂದಿ ಚಿಂತಕ ಮೈಮೊನಿಡಿಸ್ 12ನೇ ಶತಮಾನದಲ್ಲಿ ಇನ್ನೂ ನೇರವಾಗಿದ್ದರು. ಗ್ರಂಥದ ಮಾತಿಗೆ ವಿರುದ್ಧವಾದದ್ದು ನಿಜಕ್ಕೂ ಸಾಬೀತಾದರೆ, ಗ್ರಂಥವನ್ನು ಬೇರೆ ಅರ್ಥದಲ್ಲಿ ಓದಲು ತನಗೇನೂ ಅಡ್ಡಿಯಿಲ್ಲ ಅನ್ನುವುದು ಅವರ ನಿಲುವು.

ಅಕ್ಷರಕ್ಕೆ ಅಕ್ಷರ ಓದಿ ಲೆಕ್ಕ ಹಾಕಿದವರೂ ಇದ್ದಾರೆ. ಜಗತ್ತು ಹುಟ್ಟಿದ್ದು ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ ಅಂತ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದರು. ಆ ಕಾಲಕ್ಕೆ ಅದು ಶ್ರದ್ಧೆಯಿಂದ ಮಾಡಿದ ಪಾಂಡಿತ್ಯದ ಕೆಲಸ, ನಗುವಂಥದ್ದಲ್ಲ. ಭೂಮಿಗೆ ಸುಮಾರು 454 ಕೋಟಿ ವರ್ಷ ಅಂತ ಕಲ್ಲುಗಳೇ ಹೇಳಿದ ಮೇಲೂ ಅದನ್ನೇ ಹಿಡಿದು ಕೂರುವುದು ಬೇರೆ ವಿಷಯ.

ದಶಾವತಾರದಲ್ಲಿ ವಿಕಾಸ ಮೊದಲೇ ಇತ್ತಲ್ವಾ? ಬ್ರಹ್ಮನ ಒಂದು ದಿನವೂ 432 ಕೋಟಿ ವರ್ಷ!

ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಅಂತ ಸಾಲಾಗಿ ನಿಲ್ಲಿಸಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ನಿಜ. 19ನೇ ಶತಮಾನದಿಂದ ಈ ಹೋಲಿಕೆ ಓಡಾಡುತ್ತಿದೆ, ಡಾರ್ವಿನ್ ಬಂದ ಮೇಲೆ. ಮೊದಲು ಯಾರಿಗೂ ಹೊಳೆಯದ್ದು ಆಮೇಲೆ ಎಲ್ಲರಿಗೂ ಕಂಡಿತು ಅಂದರೆ ಸ್ವಲ್ಪ ಅನುಮಾನ ಪಡಬೇಕು. ಅವತಾರದ ಕತೆಯ ಜೀವ ಇರುವುದು ಧರ್ಮ ಕಾಪಾಡಲು ದೇವರು ಇಳಿದು ಬರುವುದರಲ್ಲಿ. ಒಂದು ಪ್ರಾಣಿ ನಿಧಾನಕ್ಕೆ ಇನ್ನೊಂದಾಗುವ ಮಾತು ಅಲ್ಲಿ ಇಲ್ಲವೇ ಇಲ್ಲ. ವಾಮನನನ್ನು ಕುಳ್ಳ ಆದಿಮಾನವ ಮಾಡುವುದು ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದಂತೆ.

ಬ್ರಹ್ಮನ ಹಗಲಿನ 432 ಕೋಟಿ, ಭೂಮಿಯ 454 ಕೋಟಿ ವರ್ಷಕ್ಕೆ ಹತ್ತಿರ ಇದೆ. ಆದರೆ ವಿಶ್ವದ ವಯಸ್ಸು 1,380 ಕೋಟಿ ಅಂದಾಗ ಅದೇ ಪಟ್ಟಿಯಲ್ಲಿ ಹತ್ತಿರದ ಸಂಖ್ಯೆ ಇಲ್ಲ. ಸರಿಹೊಂದಿದ್ದನ್ನು ಮಾತ್ರ ಎತ್ತಿಕೊಂಡರೆ ಯಾವ ಗ್ರಂಥದಲ್ಲಾದರೂ ಏನನ್ನಾದರೂ ತೋರಿಸಬಹುದು. ಆ ಸಂಪ್ರದಾಯದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆ: ಕೋಟಿ ಕೋಟಿ ವರ್ಷಗಳನ್ನು ಊಹಿಸಲು ಹೆದರದ ಮನಸ್ಸು. ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ ಸೃಷ್ಟಿ ಹೇಗಾಯಿತು ಅಂತ ಕೇಳುತ್ತಾ ಹೋಗಿ, ಮೇಲಿನ ಆಕಾಶದಿಂದ ನೋಡುತ್ತಿರುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲವೇನೋ ಅಂತ ಮುಗಿಯುತ್ತದೆ. ಇಂಥ ಪ್ರಾರ್ಥನೆ ಇರುವಲ್ಲಿ ಪುರಾವೆಗಾಗಿ ಮೀನು, ಆಮೆ ಹುಡುಕಬೇಕಾಗಿಲ್ಲ.

ಯಾವ ಧರ್ಮಕ್ಕೆ ವಿಕಾಸ ಜಾಸ್ತಿ ಕಷ್ಟ?

ಮೊದಲ ಮನುಷ್ಯ ಒಬ್ಬನೇ, ಅವನಿಂದಲೇ ಎಲ್ಲರೂ ಅನ್ನುವ ಕಡೆ ಜಾಸ್ತಿ ಕಷ್ಟ. ಅದಕ್ಕೇ ಕ್ರೈಸ್ತರಲ್ಲೂ ಮುಸ್ಲಿಮರಲ್ಲೂ ಚರ್ಚೆ ಕಾವೇರುವುದು ಆದಾಮನ ಹತ್ತಿರ. ಸಸ್ಯ, ಪ್ರಾಣಿಗಳ ವಿಕಾಸವನ್ನು ಒಪ್ಪಿ ಮನುಷ್ಯನನ್ನು ಮಾತ್ರ ಹೊರಗಿಡುವವರು ಎರಡೂ ಕಡೆ ಇದ್ದಾರೆ.

ಕ್ಯಾಥೊಲಿಕ್ ಚರ್ಚ್ ನಿಧಾನಕ್ಕೆ ಬಂದಿದೆ. ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಅಂತ ಚರ್ಚಿಸಲು ಅಡ್ಡಿಯಿಲ್ಲ ಅಂತ 1950ರಲ್ಲಿ ಪೋಪ್ 12ನೇ ಪಯಸ್ ಹೇಳಿದರು. 1996ರಲ್ಲಿ ಎರಡನೇ ಜಾನ್ ಪಾಲ್, ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಅಂದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ದೇವರನ್ನು ಮಂತ್ರದಂಡ ಹಿಡಿದ ಜಾದೂಗಾರ ಅಂದುಕೊಳ್ಳಬೇಡಿ ಅಂದರು.

ಬೌದ್ಧರಿಗೆ ಈ ತಲೆನೋವು ಕಡಿಮೆ. ಜಗತ್ತು ಶಾಶ್ವತವೋ ಅಲ್ಲವೋ ಅಂತ ಕೇಳಿದ ಶಿಷ್ಯನಿಗೆ ಬುದ್ಧ ಬಾಣದ ಕತೆ ಹೇಳಿದ. ವಿಷದ ಬಾಣ ನೆಟ್ಟವನು, ಹೊಡೆದವನು ಯಾರು, ಬಿಲ್ಲು ಯಾವುದರದ್ದು ಅಂತ ತಿಳಿಯುವ ತನಕ ಅದನ್ನು ಕೀಳಬೇಡಿ ಅಂದರೆ ತಿಳಿಯುವ ಮೊದಲೇ ಸಾಯುತ್ತಾನೆ.

"ಬುದ್ಧಿವಂತ ವಿನ್ಯಾಸ" ಅನ್ನುವ ಮಧ್ಯದ ದಾರಿ ಇದೆಯಲ್ಲ?

ಅದು ಮಧ್ಯದ ದಾರಿ ಅಂತ ನನಗೆ ಅನಿಸುವುದಿಲ್ಲ. ಜೀವಕೋಶದ ಕೆಲವು ಭಾಗಗಳು ತುಂಬಾ ಸಂಕೀರ್ಣ, ಆದ್ದರಿಂದ ಅಲ್ಲಿ ಯಾರೋ ಕೈ ಹಾಕಿದ್ದಾರೆ ಅನ್ನುವುದು ಅದರ ವಾದ. ಇಂದು ವಿವರಣೆ ಇಲ್ಲದ ಕಡೆ ದೇವರನ್ನು ತೇಪೆ ಹಾಕಿದ ಹಾಗೆ. ನಾಳೆ ವಿವರಣೆ ಸಿಕ್ಕರೆ ತೇಪೆ ಕಿತ್ತು ಬರುತ್ತದೆ, ಜೊತೆಗೆ ದೇವರೂ.

2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಇದು ಕೋರ್ಟ್ ಮೆಟ್ಟಿಲು ಹತ್ತಿತು. ಇದನ್ನು ಶಾಲೆಯ ವಿಜ್ಞಾನ ತರಗತಿಗೆ ತರಬಹುದೇ ಅನ್ನುವುದು ಪ್ರಶ್ನೆ. ವಿಕಾಸದ ಪರ ಸಾಕ್ಷಿ ಹೇಳಿದ ಪ್ರಮುಖ ಜೀವವಿಜ್ಞಾನಿ ಕೆನ್ನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕ್. ಮಜಾ ಇರುವುದು ವಿನ್ಯಾಸದ ಪರ ಇದ್ದ ಪಠ್ಯಪುಸ್ತಕದ ಹಳೆಯ ಕರಡುಗಳಲ್ಲಿ. ಸೃಷ್ಟಿವಾದವನ್ನು ಶಾಲೆಯಲ್ಲಿ ಕಲಿಸುವಂತಿಲ್ಲ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಆ ಕರಡಿನಲ್ಲಿ "ಸೃಷ್ಟಿವಾದಿಗಳು" ಅಂತ ಇದ್ದ ಕಡೆಯೆಲ್ಲ "ವಿನ್ಯಾಸದ ಪ್ರತಿಪಾದಕರು" ಅಂತ ಬದಲಾಯಿಸಿದ್ದರು. ಒಂದು ಕಡೆ ಕೆಲಸ ಅರ್ಧಂಬರ್ಧ ಆಗಿ, ಹಳೆಯ ಪದದ ಮೊದಲಕ್ಷರ ಮುಂದೆ, ಬಾಲ ಹಿಂದೆ, ಹೊಸ ಪದ ನಡುವೆ ಉಳಿದುಬಿಟ್ಟಿತ್ತು. ಎರಡು ಜೀವಿಗಳ ನಡುವಿನ ಕೊಂಡಿ ಸಿಕ್ಕಿಲ್ಲ ಅನ್ನುತ್ತಿದ್ದವರ ಪುಸ್ತಕದಲ್ಲೇ ಕೊಂಡಿ ಸಿಕ್ಕಿತು! ತೀರ್ಪು ಶಾಲಾ ಮಂಡಳಿಯ ವಿರುದ್ಧ ಬಂತು.

ಎಲ್ಲಾ ಆಕಸ್ಮಿಕ ಆದರೆ ದೇವರಿಗೇನು ಕೆಲಸ?

ಎಲ್ಲವೂ ಆಕಸ್ಮಿಕ ಅಲ್ಲ. ಜೀನ್‌ಗಳಲ್ಲಿ ಬದಲಾವಣೆ ಎಲ್ಲಿ ಆಗುತ್ತದೆ ಅನ್ನುವುದು ಆಕಸ್ಮಿಕ. ಯಾವುದು ಉಳಿಯುತ್ತದೆ ಅನ್ನುವುದು ಆಕಸ್ಮಿಕ ಅಲ್ಲ, ಅದನ್ನು ಪರಿಸರ ಜರಡಿ ಹಿಡಿಯುತ್ತದೆ. ನಂಬುವವನಾಗಿ ನನಗೆ ಕಾಣುವುದು ಹೀಗೆ: ದೇವರು ಮಳೆ ಸುರಿಸುತ್ತಾನೆ ಅನ್ನುವ ಯಾರೂ ನೀರು ಆವಿಯಾಗುವುದನ್ನು ಅಲ್ಲಗಳೆಯುವುದಿಲ್ಲ. ಮಗು ದೇವರು ಕೊಟ್ಟ ವರ ಅನ್ನುವ ತಾಯಿಗೆ ಒಂಬತ್ತು ತಿಂಗಳ ಲೆಕ್ಕ ಗೊತ್ತಿದೆ. ಮಳೆಗೂ ಮಗುವಿಗೂ ಸರಿಹೋದದ್ದು ವಿಕಾಸಕ್ಕೆ ಯಾಕೆ ಸರಿಹೋಗಬಾರದು?

ಇಷ್ಟೊಂದು ಸಾವು, ನೋವು, ವ್ಯರ್ಥ. ದಯಾಮಯನಾದ ದೇವರು ಈ ದಾರಿ ಯಾಕೆ ಆರಿಸಿಕೊಂಡ?

ಇದೇ ನಿಜವಾದ ಪ್ರಶ್ನೆ. ಆರು ದಿನ, ಕೋತಿ, ಕ್ರೋಮೋಸೋಮ್ ಎಲ್ಲ ಇದರ ಮುಂದೆ ಸಣ್ಣವು.

ಡಾರ್ವಿನ್‌ರನ್ನು ಕಾಡಿದ್ದೂ ಇದೇ. ಒಂದು ಜಾತಿಯ ಕಣಜ ಜೀವಂತ ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಆ ಹುಳುವನ್ನು ಒಳಗಿನಿಂದ ತಿನ್ನುತ್ತಾ ಬೆಳೆಯುತ್ತವೆ. ಒಳ್ಳೆಯವನೂ ಸರ್ವಶಕ್ತನೂ ಆದ ದೇವರು ಇದನ್ನು ಬೇಕಂತಲೇ ಸೃಷ್ಟಿಸಿದ ಅಂತ ತನಗೆ ನಂಬಲಾಗುತ್ತಿಲ್ಲ ಅಂತ 1860ರ ಮೇನಲ್ಲಿ ಅವರು ಏಸಾ ಗ್ರೇಗೆ ಬರೆದರು. ಅದಕ್ಕೆ ಒಂಬತ್ತು ವರ್ಷ ಮೊದಲು, 1851ರಲ್ಲಿ, ಅವರ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಿದ್ದಳು. ಆ ಪತ್ರವನ್ನು ಓದುವಾಗ ನನಗೆ ಹುಳುವಿಗಿಂತ ಜಾಸ್ತಿ ನೆನಪಾಗುವುದು ಆ ಹುಡುಗಿ.

ಕೊಡುವ ಉತ್ತರಗಳು ಇವೆ. ತನ್ನ ಪಾಡಿಗೆ ತಾನು ಅರಳುವ ಸ್ವಾತಂತ್ರ್ಯ ಇರುವ ಜಗತ್ತಿನಲ್ಲಿ ನೋವೂ ಇರಲೇಬೇಕು ಅನ್ನುತ್ತಾರೆ ಕೆಲವರು. ನೋವಿನ ಅರಿವು ಇಲ್ಲದ ಜೀವಿ ಅಪಾಯದಿಂದ ತಪ್ಪಿಸಿಕೊಳ್ಳಲಾರದು ಅನ್ನುತ್ತಾರೆ ಇನ್ನು ಕೆಲವರು. ದೇವರೂ ಸೃಷ್ಟಿಯ ಜೊತೆ ನೋಯುತ್ತಾನೆ ಅನ್ನುವವರೂ ಇದ್ದಾರೆ. ಯಾವುದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಒಂದು ಗಮನಿಸಿ: ವಿಕಾಸವನ್ನು ತಿರಸ್ಕರಿಸಿದರೆ ಈ ಪ್ರಶ್ನೆ ಹೋಗುವುದಿಲ್ಲ. ಕಣಜ ಅಲ್ಲೇ ಇರುತ್ತದೆ. ದೇವರೇ ಅದನ್ನು ಕೈಯಾರೆ, ಹಾಗೇ ಮಾಡಿದ ಅಂದರೆ ಪ್ರಶ್ನೆ ಇನ್ನೂ ಚೂಪಾಗುತ್ತದೆ.

ಮನುಷ್ಯನಿಗೆ ಆತ್ಮ ಬಂದದ್ದು ಯಾವಾಗ?

ಪಳೆಯುಳಿಕೆಯಲ್ಲಿ ಆತ್ಮ ಸಿಗುವುದಿಲ್ಲ. ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ, ಸುಮಾರು 3 ಲಕ್ಷ ವರ್ಷ ಹಳೆಯ ಮೂಳೆಗಳ ಮುಖ ನಮ್ಮ ಹಾಗೇ ಇದೆ, ಬುರುಡೆಯ ಹಿಂಭಾಗ ಮಾತ್ರ ಉದ್ದ. ಇವನಿಂದ ಈಚೆಗೆ ಮನುಷ್ಯ, ಆಚೆಗೆ ಪ್ರಾಣಿ ಅಂತ ಗೆರೆ ಎಳೆಯಲಾಗದು. ಬೆಳಗಿನ ಜಾವ ಯಾವ ಕ್ಷಣಕ್ಕೆ ಹಗಲಾಯಿತು ಅಂತ ಹೇಳಲಾಗದು, ಆದರೂ ಹಗಲಾಗುತ್ತದೆ ಅಲ್ವಾ? ಇನ್ನು ಎಲ್ಲ ಜೀವಿಗಳಲ್ಲೂ ಆತ್ಮ ಇದೆ ಅನ್ನುವ ಧರ್ಮಗಳಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಮಹಾಸ್ಫೋಟವೇ ಸೃಷ್ಟಿಯ ಕ್ಷಣ ಅನ್ನಬಹುದಾ?

ಅವಸರ ಬೇಡ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದು, 1931ರಲ್ಲಿ ಎಲ್ಲವೂ ಒಂದು ಆದಿಮ ಅಣುವಿನಿಂದ ಶುರುವಾಯಿತು ಅಂದವರು ಬೆಲ್ಜಿಯಂನ ಜಾರ್ಜ್ ಲೆಮೈತ್ರ್. ಅವರು ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್ ಈ ವಿಜ್ಞಾನವನ್ನು ಸೃಷ್ಟಿಯ ಸಾಕ್ಷಿ ಅನ್ನುವ ಧಾಟಿಯಲ್ಲಿ ಮಾತಾಡಿದಾಗ ಮುಜುಗರಪಟ್ಟವರೂ ಇದೇ ಪಾದ್ರಿ. ನಾಳೆ ಲೆಕ್ಕ ಬದಲಾದರೆ ನಂಬಿಕೆಯ ಗತಿ ಏನು?

ಸರಿ, ಏಲಿಯನ್‌ಗಳು ಇದ್ದಾರಾ?

ಇಲ್ಲಿಯವರೆಗೆ ಒಂದೇ ಒಂದು ಖಚಿತ ಸುಳಿವೂ ಸಿಕ್ಕಿಲ್ಲ. ಆಕಾಶದಲ್ಲಿ ಕಂಡ ವಿಚಿತ್ರ ದೀಪಗಳ ವಿಡಿಯೋ ಕಳಿಸುವ ಗೆಳೆಯರಿಗೆ ನನ್ನ ಉತ್ತರವೂ ಇದೇ.

ಆದರೆ ಜಾಗಕ್ಕೇನೂ ಕೊರತೆ ಇಲ್ಲ. ನಮ್ಮ ಒಂದು ಕ್ಷೀರಪಥದಲ್ಲೇ 10,000 ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. 1995ರಲ್ಲಿ ಮೇಯರ್ ಮತ್ತು ಕ್ವೆಲೊ, ಸೂರ್ಯನಂಥ ಬೇರೆ ನಕ್ಷತ್ರದ ಸುತ್ತ ಮೊದಲ ಗ್ರಹ ಪತ್ತೆ ಮಾಡಿದರು. ಈಗ ಇಂಥ ಹೊರಗ್ರಹಗಳ ಲೆಕ್ಕ 5,500 ದಾಟಿದೆ. 1960ರಲ್ಲಿ ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಎರಡು ನಕ್ಷತ್ರಗಳ ಕಡೆ ರೇಡಿಯೋ ದೂರದರ್ಶಕ ತಿರುಗಿಸಿ ಕಿವಿಗೊಟ್ಟರು. ಅಂದಿನಿಂದ ಕೇಳುತ್ತಲೇ ಇದ್ದೇವೆ. "ಎಲ್ಲರೂ ಎಲ್ಲಿದ್ದಾರೆ?" ಅಂತ ಭೌತವಿಜ್ಞಾನಿ ಎನ್ರಿಕೊ ಫರ್ಮಿ 1950ರಲ್ಲಿ ಊಟದ ಮೇಜಿನಲ್ಲಿ ಕೇಳಿದ ಪ್ರಶ್ನೆ ಹಾಗೇ ಇದೆ.

ಸಿಗ್ನಲ್ ಬಂದರೆ ಅದು ಏಲಿಯನ್‌ದೇ ಅಂತ ಹೇಗೆ ಗೊತ್ತಾಗುತ್ತದೆ?

ಇದಕ್ಕೆ ಒಂದು ಕತೆ ಹೇಳಬೇಕು. 1967. ಕೇಂಬ್ರಿಡ್ಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ಪಿಎಚ್‌ಡಿ ವಿದ್ಯಾರ್ಥಿನಿ. ಅವರು ಕಟ್ಟಲು ಕೈಜೋಡಿಸಿದ ರೇಡಿಯೋ ದೂರದರ್ಶಕ ದಿನಕ್ಕೆ ಸುಮಾರು ನೂರು ಅಡಿ ಕಾಗದದ ಮೇಲೆ ಗೆರೆ ಗೀಚುತ್ತಿತ್ತು. ಕಂಪ್ಯೂಟರ್ ಇಲ್ಲ, ಅಷ್ಟನ್ನೂ ಕಣ್ಣಿಂದಲೇ ನೋಡಬೇಕು. ಅದರಲ್ಲಿ ಒಂದು ಕಡೆ, ಇಂಚಿಗಿಂತ ಕಡಿಮೆ ಜಾಗದಲ್ಲಿ, ನಕ್ಷತ್ರದ ಹಾಗೂ ಇಲ್ಲದ, ಭೂಮಿಯ ಗದ್ದಲದ ಹಾಗೂ ಇಲ್ಲದ ಗೀಚು. ಕಾಗದ ವೇಗವಾಗಿ ಓಡಿಸಿ ನೋಡಿದಾಗ 1.33 ಸೆಕೆಂಡಿಗೊಮ್ಮೆ ಟಿಕ್, ಟಿಕ್, ಟಿಕ್. ಗಡಿಯಾರದಷ್ಟು ಕರಾರುವಾಕ್ಕು. ಕಾರಿನದ್ದೋ ಯಂತ್ರದ್ದೋ ಗದ್ದಲ ಅನ್ನೋಣ ಅಂದರೆ, ಅದು ನಕ್ಷತ್ರಗಳ ಹಾಗೆ ದಿನಾ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ಅರ್ಧ ತಮಾಷೆಗೆ ಅದಕ್ಕೆ "ಪುಟ್ಟ ಹಸಿರು ಮನುಷ್ಯರು" ಅಂತ ಹೆಸರಿಟ್ಟರು.

ಬೆಲ್‌ಗೆ ಬಂದದ್ದು ಸಿಟ್ಟು! ತಾನಿಲ್ಲಿ ಪಿಎಚ್‌ಡಿ ಮುಗಿಸಲು ಒದ್ದಾಡುತ್ತಿರುವಾಗ, ಈ ಹಸಿರು ಮನುಷ್ಯರಿಗೆ ಮಾತಾಡಲು ತನ್ನ ಆಂಟೆನಾ, ತನ್ನ ತರಂಗವೇ ಬೇಕಿತ್ತಾ ಅಂದುಕೊಂಡರಂತೆ. ಅದು ಗ್ರಹವೊಂದರಿಂದ ಬರುತ್ತಿದ್ದರೆ, ಆ ಗ್ರಹ ತನ್ನ ಸೂರ್ಯನನ್ನು ಸುತ್ತುವಾಗ ಟಿಕ್‌ಗಳ ಅಂತರ ಸ್ವಲ್ಪ ಹಿಗ್ಗಿ ಕುಗ್ಗಬೇಕು. ಅಳೆದರು. ಸಿಕ್ಕಿದ್ದು ನಮ್ಮ ಭೂಮಿಯ ಸುತ್ತಾಟದ ಗುರುತು ಮಾತ್ರ. ಕ್ರಿಸ್‌ಮಸ್‌ಗೆ ಸ್ವಲ್ಪ ಮೊದಲು ಆಕಾಶದ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಸಿಕ್ಕಿತು, 1.2 ಸೆಕೆಂಡಿನದು. ಎರಡು ಬೇರೆ ಬೇರೆ ಹಸಿರು ಜನಾಂಗ ಒಂದೇ ಸಮಯಕ್ಕೆ, ಒಂದೇ ತರಂಗದಲ್ಲಿ ಭೂಮಿಯನ್ನು ಕರೆಯುವುದುಂಟಾ? ಅವು ಪಲ್ಸಾರ್‌ಗಳು, ಗಿರಗಿರನೆ ತಿರುಗುವ ಸತ್ತ ನಕ್ಷತ್ರಗಳು.

ಬೆಲ್ ಕ್ವೇಕರ್ ಎಂಬ ಕ್ರೈಸ್ತ ಪಂಥದ ಶ್ರದ್ಧಾವಂತೆ. ಏಲಿಯನ್ ಇರಬಹುದು ಅಂದಾಗ ಅವರ ನಂಬಿಕೆ ಬಿದ್ದುಹೋಗಲಿಲ್ಲ, ಅಲ್ಲ ಅಂತ ಆದಾಗ ದೇವರು ಗೆದ್ದ ಅಂತಲೂ ಅವರು ಹೇಳಲಿಲ್ಲ. ಅಳತೆ ಮಾಡಿ ನೋಡಿದರು.

ಏಲಿಯನ್ ಸಿಕ್ಕರೆ ಧರ್ಮಗಳು ಕುಸಿದುಬೀಳುತ್ತವಾ?

ಇದನ್ನು ಜಾಸ್ತಿ ಹೇಳುವವರು ಧರ್ಮದ ಹೊರಗಿನವರು. ಒಳಗಿನವರು ಈ ಪ್ರಶ್ನೆಯನ್ನು ಯಾವತ್ತೋ ಮಾತಾಡಿ ಆಗಿದೆ. ದೇವರಿಗೆ ಒಂದಕ್ಕಿಂತ ಹೆಚ್ಚು ಜಗತ್ತು ಮಾಡಲಾಗದು ಅಂತ ಕಲಿಸುವುದನ್ನು 1277ರಲ್ಲೇ ಪ್ಯಾರಿಸ್‌ನ ಬಿಷಪ್ ನಿಷೇಧಿಸಿದರು. 1440ರಲ್ಲಿ ಕ್ಯೂಸಾದ ನಿಕೋಲಸ್ ಬೇರೆ ನಕ್ಷತ್ರಗಳಲ್ಲೂ ನಿವಾಸಿಗಳಿರಬಹುದು ಅಂತ ಬರೆದರು. ಅವರಿಗೆ ಶಿಕ್ಷೆ ಆಗಲಿಲ್ಲ, ಕೆಲವು ವರ್ಷಗಳಲ್ಲಿ ಚರ್ಚ್‌ನ ಉನ್ನತ ಹುದ್ದೆಯಾದ ಕಾರ್ಡಿನಲ್ ಆದರು. 1600ರಲ್ಲಿ ತತ್ವಜ್ಞಾನಿ ಜೋರ್ಡಾನೊ ಬ್ರೂನೊನನ್ನು ರೋಮ್‌ನಲ್ಲಿ ಸುಟ್ಟದ್ದು ನಿಜ. ಆರೋಪಗಳಲ್ಲಿ ಅನೇಕ ಜಗತ್ತುಗಳ ಮಾತೂ ಇತ್ತು, ಆದರೆ ತ್ರಿಯೇಕತ್ವ (ಒಬ್ಬನೇ ದೇವರು ಮೂವರಾಗಿ ಇದ್ದಾನೆ ಅನ್ನುವ ನಂಬಿಕೆ), ಕ್ರಿಸ್ತನ ದೈವತ್ವ ಇವನ್ನು ಅಲ್ಲಗಳೆದ ಅನ್ನುವಂಥ ದೊಡ್ಡ ಆರೋಪಗಳೂ ಇದ್ದವು. ಸುಟ್ಟದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ, ಅದು ಬೇರೆ ಮಾತು.

ಇಕ್ಕಟ್ಟು ಜಾಸ್ತಿ ಇರುವುದು ಕ್ರೈಸ್ತರಿಗೆ. ದೇವರು ಒಮ್ಮೆ, ಒಂದು ಗ್ರಹದಲ್ಲಿ, ಮನುಷ್ಯನಾಗಿ ಹುಟ್ಟಿದ ಅನ್ನುವುದು ಅವರ ನಂಬಿಕೆಯ ತಿರುಳು. ಹಾಗಾದರೆ ಬೇರೆ ಗ್ರಹದವರ ಗತಿ? 13ನೇ ಶತಮಾನದ ಥಾಮಸ್ ಅಕ್ವಿನಾಸ್, ಏಲಿಯನ್ ಮನಸ್ಸಿನಲ್ಲಿ ಇಲ್ಲದೆಯೇ, ದೇವರು ಒಂದಕ್ಕಿಂತ ಹೆಚ್ಚು ಸಲ ಮನುಷ್ಯರೂಪ ತಾಳಬಲ್ಲ ಅಂತ ವಾದಿಸಿ ಒಂದು ಬಾಗಿಲು ತೆರೆದಿಟ್ಟಿದ್ದರು. ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಹೊಸೆ ಗೇಬ್ರಿಯಲ್ ಫುನೆಸ್ 2008ರಲ್ಲಿ, ಜೀವಿಗಳನ್ನು ಸಹೋದರರು ಅನ್ನುವಾಗ ಅನ್ಯಗ್ರಹದ ಸಹೋದರ ಅಂತ ಯಾಕೆ ಅನ್ನಬಾರದು ಅಂತ ಕೇಳಿದರು. ಅಲ್ಲಿನ ಇನ್ನೊಬ್ಬ ವಿಜ್ಞಾನಿ ಗೈ ಕಾನ್ಸೊಲ್ಮಾನೊ, ಏಲಿಯನ್‌ಗೆ ದೀಕ್ಷಾಸ್ನಾನ ಕೊಡುತ್ತೀರಾ ಅಂತ ಕೇಳಿದವರಿಗೆ ಕೊಡುವ ಉತ್ತರ ನನಗಿಷ್ಟ: ಅವರಾಗಿ ಕೇಳಿದರೆ ಮಾತ್ರ.

ಕುರಾನ್ ದೇವರನ್ನು ಲೋಕಗಳ ಒಡೆಯ ಅನ್ನುತ್ತದೆ, ಬಹುವಚನದಲ್ಲಿ. 42ನೇ ಅಧ್ಯಾಯದ 29ನೇ ವಾಕ್ಯ, ಆಕಾಶಗಳಲ್ಲೂ ಭೂಮಿಯಲ್ಲೂ ಅವನು ಜೀವಿಗಳನ್ನು ಹರಡಿದ್ದಾನೆ ಅನ್ನುತ್ತದೆ. ಹಿಂದೂ, ಜೈನ, ಬೌದ್ಧ ಕಲ್ಪನೆಗಳಲ್ಲಂತೂ ಲೋಕಗಳಿಗೆ ಬರವೇ ಇಲ್ಲ. ಇವನ್ನು ವಿಜ್ಞಾನದ ಭವಿಷ್ಯವಾಣಿ ಅನ್ನಬೇಡಿ, ದಶಾವತಾರಕ್ಕೆ ಹೇಳಿದ್ದೇ ಇಲ್ಲಿಗೂ ಅನ್ವಯ. ಬಾವಿಯ ಕಪ್ಪೆಯಾಗದೆ ಯೋಚಿಸುವ ಅಭ್ಯಾಸ ಅಲ್ಲಿತ್ತು ಅನ್ನಬಹುದು.

ಏಲಿಯನ್‌ಗಳೇ ನಮ್ಮನ್ನು ಸೃಷ್ಟಿಸಿರಬಹುದಲ್ವಾ? ಆಗ ದೇವರೂ ಬೇಡ, ವಿಕಾಸವೂ ಬೇಡ.

ಬೇರೆ ನಾಗರಿಕತೆಯೊಂದು ಬೇಕಂತಲೇ ಜೀವದ ಬೀಜ ಇಲ್ಲಿಗೆ ಕಳಿಸಿರಬಹುದೇ ಅಂತ ಡಿಎನ್‌ಎ ರಚನೆ ಕಂಡುಹಿಡಿದ ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಆರ್ಗೆಲ್ ಜೊತೆ ಸೇರಿ 1973ರಲ್ಲಿ ಚರ್ಚಿಸಿದ್ದರು. ಅವರು ಹೇಳಿದ್ದೂ ಸೂಕ್ಷ್ಮಜೀವಿಗಳ ಬಗ್ಗೆ, ಆಮೇಲಿನದೆಲ್ಲ ವಿಕಾಸವೇ. ಇದು ನಿಜವಾದರೂ ಪ್ರಶ್ನೆ ಒಂದು ಮನೆ ಆಚೆಗೆ ಹೋಯಿತು ಅಷ್ಟೇ. ಅವರನ್ನು ಯಾರು ಮಾಡಿದರು?

ಮನುಷ್ಯ ದೇವರ ರೂಪದಲ್ಲಿ ಆದವನು ಅನ್ನುತ್ತೇವೆ. ಎಂಟು ಕೈಯ ಏಲಿಯನ್ ಬಂದರೆ?

ಎರಡು ಕೈ, ಒಂದು ಮೂಗು ಅನ್ನುವುದು ದೇವರ ರೂಪ ಅಂತ ಗಂಭೀರವಾಗಿ ಯೋಚಿಸಿದ ಧರ್ಮಚಿಂತಕರು ಕಡಿಮೆ. ಬುದ್ಧಿ, ಪ್ರೀತಿ, ಒಳ್ಳೆಯದು ಕೆಟ್ಟದ್ದರ ವಿವೇಕ ಅಂತಲೇ ಅದನ್ನು ಓದಿದ್ದಾರೆ. ಎಂಟು ಕೈಗೆ ದೂರ ಹೋಗಬೇಕಾಗಿಯೂ ಇಲ್ಲ. ಆಕ್ಟೋಪಸ್‌ಗೆ ನಮ್ಮದೇ ಥರದ ಕ್ಯಾಮೆರಾ ಕಣ್ಣಿದೆ, ನಮ್ಮದಕ್ಕೆ ಸಂಬಂಧವಿಲ್ಲದೆ ಬೇರೆಯಾಗಿ ಬೆಳೆದದ್ದು. ಒಂದು ವಿಷಯದಲ್ಲಿ ನಮಗಿಂತ ವಾಸಿ, ಅದರ ಕಣ್ಣಿನಲ್ಲಿ ಕುರುಡು ಚುಕ್ಕೆ ಇಲ್ಲ. ಒಂದೇ ಭೂಮಿಯಲ್ಲಿ ಬುದ್ಧಿ ಎರಡು ಬೇರೆ ದಾರಿ ಹಿಡಿದು ಬಂದಿದ್ದರೆ, ಬೇರೆ ಗ್ರಹದಲ್ಲಿ ಮೂರನೆಯದು ಬರಬಾರದೇ?

ನಾವಾಗಿ ಅವರಿಗೆ ಏನಾದರೂ ಹೇಳಿದ್ದೇವಾ?

ಹೇಳಿದ್ದೇವೆ. 1974ರಲ್ಲಿ ಅರೆಸಿಬೊ ರೇಡಿಯೋ ದೂರದರ್ಶಕದಿಂದ ಸುಮಾರು 25,000 ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛಕ್ಕೆ ಒಂದು ಸಂದೇಶ ಕಳಿಸಿದೆವು. ಯಾರಾದರೂ ತಕ್ಷಣ ಉತ್ತರಿಸಿದರೂ ಅದು ಬರುವುದು ಸುಮಾರು 50,000 ವರ್ಷಕ್ಕೆ.

1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ, ಕನ್ನಡದ್ದೂ ಒಂದು: ನಮಸ್ತೆ ಹೇಳಿ, ಕನ್ನಡಿಗರ ಪರವಾಗಿ ಶುಭ ಕೋರುವ ಒಂದು ಪುಟ್ಟ ಸಾಲು. ವಾಯೇಜರ್-1 ಈಗ 2,400 ಕೋಟಿ ಕಿಲೋಮೀಟರ್‌ಗೂ ಆಚೆ ಇದೆ. ಇನ್ನೊಂದು ನಕ್ಷತ್ರದ ಹತ್ತಿರ ಹಾಯಲು, ಅದೂ ಒಂದೂವರೆ ಜ್ಯೋತಿರ್ವರ್ಷದಷ್ಟು ದೂರದಿಂದ, ಇನ್ನೂ 40,000 ವರ್ಷ ಬೇಕು. ಅಷ್ಟು ಹೊತ್ತಿಗೆ ಕನ್ನಡ ಹೇಗಿರುತ್ತದೋ. ಆ ಸಾಲು ಮಾತ್ರ ಹಾಗೇ ಇರುತ್ತದೆ.